ಕೊಡೆಗೆ ಹೇಳಿದ ಮಾತು

ಮೊನ್ನೆ ಅಟ್ಟ ಖಾಲಿ ಮಾಡುವಾಗ ನಮ್ಮಪ್ಪನ ಕೊಡೆ ಸಿಕ್ಕಿತು. ಬಟ್ಟೆಯನ್ನು ಇಲಿ ತಿಂದಿದೆ, ಕಡ್ಡಿಗಳಿಗೆ ತುಕ್ಕು ಹಿಡಿದಿದೆ, ಬೆತ್ತದ ಹಿಡಿ ಮಾತ್ರ ಹಾಗೇ ನುಣ್ಣಗಿದೆ. ನಾನು ಮರಗೆಲಸದವನು, ಒಳ್ಳೆ ಹಿಡಿ ಕಂಡರೆ ಕೈ ಸುಮ್ಮನಿರಲ್ಲ. ಸವರಿದೆ. ಆಮೇಲೆ ಯಾಕಾದರೂ ಸವರಿದೆನೋ ಅನ್ನಿಸಿತು.

ಅಪ್ಪ ಅಮ್ಮ ಇದ್ದಾಗ ನೀವು ನಮ್ಮ ಚಾಮರಾಜಪೇಟೆ ಮನೆಗೆ ಬಂದಿದ್ದರೆ ನಗು ತಡೆಯಲಾರದೆ ಹೋಗುತ್ತಿದ್ದಿರಿ. ಅಮ್ಮನನ್ನು ಒಂದು ಮಾತೂ ಕೇಳದೆ ಅಪ್ಪ ಅಕ್ಕನ ಮದುವೆ ಗೊತ್ತುಮಾಡಿದ್ದ. ಅವತ್ತಿನಿಂದ ಇಬ್ಬರಿಗೂ ನೇರ ಮಾತಿಲ್ಲ. ಹಾಗಂತ ಮನೆ ಮೌನವಾಗಿತ್ತು ಅಂದುಕೊಳ್ಳಬೇಡಿ. ಮಿಲ್ಲಿನಿಂದ ರಿಟೈರಾಗಿದ್ದ ಅಪ್ಪ ಬಾಗಿಲ ಹಿಂದೆ ನೇತುಹಾಕಿದ ಕೊಡೆಯ ಜೊತೆ ಮಾತಾಡುತ್ತಿದ್ದ. ಅಮ್ಮ ಪಂಪ್ ಸ್ಟೌ ಜೊತೆ.

"ನೋಡಪ್ಪಾ ಕೊಡೆ, ಇವತ್ತು ಅನ್ನ ಮಾಡಿದಾರೋ ಮುದ್ದೆ ಮಾಡಿದಾರೋ ನಂಗಂತೂ ಗೊತ್ತಾಗ್ಲಿಲ್ಲ."

"ಕೇಳಿಸ್ಕೊಂಡ್ಯಾ ಸ್ಟೌವೇ? ಹಲ್ಲಿಲ್ದೋರು ಅಗೀಲಿ ಅಂತ ಮೆತ್ತಗೆ ಬೇಯಿಸಿದ್ರೂ ತಪ್ಪಂತೆ!"

ಅಪ್ಪ ಗೋಡೆ ಕಡೆ ತಿರುಗಿ ನಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ನೋಡಿದ್ದೆ ಅಷ್ಟೆ, ಅರ್ಥ ಮಾಡಿಕೊಂಡಿರಲಿಲ್ಲ.

ನಮ್ಮ ಬಡಾವಣೆಯಲ್ಲಿ ಗುಮಾಸ್ತರು, ಮೇಷ್ಟ್ರುಗಳು ಸೇರಿ ನಾಟಕ ಆಡುತ್ತಿದ್ದರು. ಅವರ ರಂಗದ ಬಾಗಿಲು, ಕಿಟಕಿ ಎಲ್ಲಾ ನನ್ನ ಕೈಯವು. ಬಣ್ಣದ ಬಟ್ಟೆ ಸಾಕಾಗುವ ಕಡೆ ಹೊನ್ನೆ ಮರದ ಚೌಕಟ್ಟು ಕೂರಿಸಿ ಬೈಸಿಕೊಂಡವನು ನಾನು. ಆ ವರ್ಷದ ನಾಟಕದಲ್ಲಿ ವಯಸ್ಸಾದ ಗಂಡ ಹೆಂಡತಿ. ಅಪ್ಪ ಒಬ್ಬ ಮಗನಿಗೆ, ಅಮ್ಮ ಇನ್ನೊಬ್ಬನಿಗೆ ಅಂತ ಮಕ್ಕಳು ಹಂಚಿಕೊಳ್ಳಲು ಹೊರಟಿರುತ್ತಾರೆ. ಮುದುಕನ ಪಾತ್ರದ ಗುಮಾಸ್ತರಿಗೆ ಮುದುಕತನವೇ ಬರಲೊಲ್ಲದು. ಮೊಳೆ ಹೊಡೆಯುತ್ತಿದ್ದ ನಾನು ಎದ್ದು, "ಸ್ವಾಮಿ, ಮುದುಕರು ಹಿಂಗೆ ಜಗಳ ಆಡ್ತಾರೆ ನೋಡಿ," ಅಂತ ನಮ್ಮಪ್ಪನ ಹಾಗೇ ಮಾಡಿ ತೋರಿಸಿದೆ. ನಾಟಕ ಆಡಿಸುವ ಮೇಷ್ಟ್ರು ಪಾತ್ರವನ್ನು ನನಗೇ ಕೊಟ್ಟರು. ಕೊಡೆ, ಸ್ಟೌ ಎರಡೂ ಮಾತಿನ ಸಮೇತ ನಾಟಕದೊಳಗೆ ಬಂದವು.

ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಬಿ.ಎ. ಓದಿದವರ ಮಧ್ಯೆ ದೊಡ್ಡ ಪಾತ್ರ! ತಲೆ ನಿಲ್ಲಲಿಲ್ಲ. ಅಪ್ಪನನ್ನು ಕೇಳದೆ ಅವನ ಕೊಡೆಯನ್ನೇ ಒಯ್ದೆ. ಇಬ್ಬರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದೆ.

ಹಲ್ಲಿಲ್ಲದೋರ ಮಾತಿಗೆ ಸಭೆಯೇ ಬಿದ್ದುಬಿದ್ದು ನಕ್ಕಿತು. ದೀಪದ ಬೆಳಕಲ್ಲಿ ಅಪ್ಪ ಬಾಯಿಗೆ ಟವೆಲ್ ಅಡ್ಡ ಹಿಡಿದದ್ದು ಕಂಡಿತು. ನಗುತ್ತಿದ್ದಾನೆ ಅಂದುಕೊಂಡು ನಾನು ಇನ್ನೂ ಜೋರು ಮಾಡಿದೆ. ಪಕ್ಕದ ಮನೆಯವರು ಎದ್ದು ನಿಂತು, "ಅಯ್ಯೋ, ಇದು ನಮ್ಮ ಪಕ್ಕದ್ಮನೆ ಯಜಮಾನ್ರೇ ಕಣ್ರೀ!" ಅಂದರು. ಅಮ್ಮ ತಲೆ ತಗ್ಗಿಸಿಕೊಂಡಳು.

ಮಾರನೇ ದಿನ ಕೊಡೆಯನ್ನು ಅದರ ಮೊಳೆಗೆ ನೇತುಹಾಕಿದೆ. ಅಪ್ಪ ಅದರ ಕಡೆ ನೋಡಲಿಲ್ಲ. ಊಟಕ್ಕೆ ಕೂತವನು ಅಮ್ಮನ ಮುಖ ನೋಡಿ, ಅಷ್ಟು ವರ್ಷದ ಮೇಲೆ ನೇರವಾಗಿ, "ಅನ್ನ ಸರಿಯಾಗಿದೆ," ಅಂದ. ಅಮ್ಮ "ಹೂಂ" ಅಂದಳು.

ಅಷ್ಟೇ. ಆಮೇಲೆ ಅವರು ಬದುಕಿರುವ ತನಕ ನೇರವಾಗಿಯೇ ಮಾತಾಡಿದರು: ಅನ್ನ ಸರಿಯಾಗಿದೆ, ನೀರು ಬಂತು, ಬಾಗಿಲು ಹಾಕು. ಸ್ಟೌ ಬುಸ್ಸೆನ್ನುವುದು ಬಿಟ್ಟರೆ ಅಡುಗೆಮನೆಯಿಂದ ಇನ್ನೊಂದು ಸದ್ದಿಲ್ಲ. ಮಗ ಅಪ್ಪ ಅಮ್ಮನನ್ನು ಒಂದು ಮಾಡಿದ ಅಂತ ಬೀದಿಯವರು ಹೊಗಳಿದರು. ನಾನೂ ಕೆಲವು ದಿನ ನಂಬಿದೆ.

ಅಪ್ಪ ಹೋದ ಮೇಲೆ ಒಂದು ದಿನ ಅಮ್ಮನೇ ಅಂದಳು: "ಆ ಜಗಳ ಒಂದೇ ಕಣೋ ನಮ್ಮಿಬ್ಬರದೇ ಅಂತ ಇದ್ದಿದ್ದು. ಅದನ್ನೂ ನೀನು ಊರಿಗೆ ಹಂಚಿಬಿಟ್ಟೆ." ಬೈಯುವ ಹಾಗೆ ಅನ್ನಲಿಲ್ಲ. ಸೊಪ್ಪು ಬಿಡಿಸುತ್ತಾ ಅಂದಳು.

ಮೊನ್ನೆ ಸಿಕ್ಕ ಆ ಕೊಡೆಯನ್ನು ಎಸೆಯಲು ಮನಸ್ಸಾಗಲಿಲ್ಲ. ಬಾಗಿಲ ಹಿಂದೆ ಒಂದು ಮೊಳೆ ಹೊಡೆದು ನೇತುಹಾಕಿದೆ. ಹತ್ತಿರ ಯಾರೂ ಇಲ್ಲವೆಂದು ನೋಡಿಕೊಂಡು, "ನೋಡಪ್ಪಾ ಕೊಡೆ, ಯಾರೋ ಚಪ್ಪಾಳೆ ಆಸೆಗೆ ತಪ್ಪು ಮಾಡಿಬಿಟ್ಟರು. ಅಪ್ಪನ ಎದುರಿಗೆ ಹೇಳೋಕೆ ಅವರಿಗೆ ಬಾಯಿ ಬರಲಿಲ್ಲ," ಅಂದೆ.

ಸಭೆಯ ಕೊನೇ ಸಾಲಿನ ತನಕ ಮುಟ್ಟಿದ್ದ ಗಂಟಲು ಇದು. ಆ ಮೊಳೆಯ ತನಕವೂ ಮುಟ್ಟಲಿಲ್ಲ.