ಎರಡೂ ಕಡೆ ಮೂತಿ ಇರುವ ಸ್ಕೀ

ಜಗಳೂರಿನಲ್ಲಿ ಸ್ಕೀ ಇಟ್ಟುಕೊಂಡಿರುವವಳು ನಾನೊಬ್ಬಳೇ ಇರಬೇಕು. ಬಾಡಿಗೆ ಮನೆಯ ಗೋಡೆಗೆ ಒರಗಿಸಿಟ್ಟಿದ್ದ ಆ ಎರಡು ಕಪ್ಪು ಹಲಗೆಗಳನ್ನು ನೋಡಿದ ಮನೆ ಓನರ್, "ಏನ್ರೀ ಮೇಡಂ, ಮಂಚ ಬಿಚ್ಚಿ ಇಟ್ಟೀರಾ?" ಎಂದು ಕೇಳಿದ್ದರು. ಹಿಮದ ಮೇಲೆ ಜಾರುವುದಕ್ಕೆ ಎಂದೆ. ಅವರು ಹೊರಗಿನ ಬಿಸಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ನಾನು ಹೈಸ್ಕೂಲಿನ ಪಿ.ಟಿ. ಟೀಚರ್. ಹಿಂದೊಮ್ಮೆ ಶಿಬಿರಕ್ಕೆಂದು ಹಿಮಾಲಯದ ಕಡೆ ಹೋದವಳಿಗೆ ಈ ಹುಚ್ಚು ಹಿಡಿಯಿತು. ಅದರಲ್ಲೂ ನೆಗೆದು, ಗಾಳಿಯಲ್ಲೇ ತಿರುಗಿ, ಬೆನ್ನು ಮುಂದಾಗಿ ಇಳಿಯುವ ಫ್ರೀಸ್ಟೈಲ್ ಹುಚ್ಚು. ಹೋದ ವರ್ಷ ಅಲ್ಲಿನ ಆಯ್ಕೆ ಪರೀಕ್ಷೆಯಲ್ಲಿ ಹಾಗೆ ಇಳಿಯಲು ಹೋಗಿ ಅಂಗಾತ ಬಿದ್ದೆ. ಇನ್ನೊಂದೇ ಅವಕಾಶ, ಮುಂದಿನ ಸಲವೂ ಬಿದ್ದರೆ ತರಬೇತುದಾರರ ತಂಡದಲ್ಲಿ ಜಾಗವಿಲ್ಲ ಎಂದು ಅಲ್ಲಿನ ಕೋಚ್ ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದರು. ನನಗೆ ಆ ಜಾಗ ಬೇಕೇ ಬೇಕಿತ್ತು.

ಬಾಡಿಗೆ ಸ್ಕೀಯ ಸಹವಾಸ ಸಾಕೆಂದು, ಯಾರೋ ಕೊಂಡು ಬಳಸದೇ ಬಿಟ್ಟಿದ್ದ ಜೋಡಿಯೊಂದನ್ನು ತಂದೆ. ಅದರ ಎರಡೂ ತುದಿ ಮೇಲಕ್ಕೆ ಬಾಗಿದ್ದವು. ಮುಂದಕ್ಕೂ ಹಿಂದಕ್ಕೂ ಜಾರುವಂಥದ್ದು. ಬೂಟನ್ನು ಕಚ್ಚಿ ಹಿಡಿಯುವ ಬೈಂಡಿಂಗನ್ನು ಮಾತ್ರ ನಾವೇ ಕೂರಿಸಿಕೊಳ್ಳಬೇಕು. ಎಲ್ಲಿ ಕೂರಿಸುವುದು? ನಟ್ಟನಡುವೆ ಆದರೆ ತಿರುಗುವುದು ಸಲೀಸು, ಹಿಮ್ಮುಖವಾಗಿ ಇಳಿದಾಗ ಹಿಂದಿನ ತುದಿ ಹಿಮದಲ್ಲಿ ಹೂತುಕೊಳ್ಳುವುದಿಲ್ಲ. ಆದರೆ ಮುಂದಿನ ಭಾಗ ಗಿಡ್ಡವಾಗಿ, ವೇಗ ಹೆಚ್ಚಿದರೆ ಕಾಲು ಅದುರುತ್ತದೆ. ನಾಲ್ಕು ಬೆರಳು ಹಿಂದಕ್ಕೆ ಕೂರಿಸಿದರೆ ಮುಂದೆ ಹೋಗುವಾಗ ಧೈರ್ಯ, ಹಿಂದಕ್ಕೆ ಇಳಿಯುವಾಗ ಫಜೀತಿ. ಒಮ್ಮೆ ತೂತು ಕೊರೆದರೆ ಮುಗಿಯಿತು. ಅದರ ಪಕ್ಕದಲ್ಲೇ ಇನ್ನೊಂದು ಕೊರೆದರೆ ಸ್ಕ್ರೂ ಹಿಡಿಯುವುದಿಲ್ಲ.

ಕೋಚ್‌ಗೆ ಫೋನ್ ಮಾಡಿದರೆ "ನಿಮ್ಮಿಷ್ಟ" ಎಂದರು. ಇಷ್ಟ ಯಾವುದೆಂದು ಗೊತ್ತಿದ್ದರೆ ಫೋನ್ ಯಾಕೆ ಮಾಡುತ್ತಿದ್ದೆ! ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ, ಒರೆಸುತ್ತಿದ್ದೆ. ಒಂದು ಭಾನುವಾರ ಸ್ಕೀಗಳನ್ನು ಸೈಕಲ್ ಟ್ಯೂಬಿನಿಂದ ಕಾಲಿಗೆ ಬಿಗಿದುಕೊಂಡು ಊರಾಚೆಯ ಒಣಹುಲ್ಲಿನ ಇಳಿಜಾರಿನಲ್ಲಿ ನಿಂತು ನೋಡಿದೆ. ಕುರಿ ಕಾಯುತ್ತಿದ್ದ ಹಿರಿಯರೊಬ್ಬರು, "ಹಲಿಗೆ ಕಟ್ಕಂಡು ಎತ್ಲಾಗೆ ಹೊಂಟ್ರಿ ಮೇಡಂ? ಬಿದ್ಗಿದ್ದೀರಿ, ನನ್ ಕುರಿ ಬೆದರ್ತಾವೆ" ಎಂದರು. ನನ್ನ ಕಾಲಿಗಿಂತ ಅವರಿಗೆ ಕುರಿಯ ಚಿಂತೆ. ಸಿಟ್ಟೂ ಬಂತು, ನಗುವೂ ಬಂತು.

ಹೊನ್ನಾಳಿಯಲ್ಲಿ ಅಣ್ಣನದು ಟ್ರ್ಯಾಕ್ಟರ್ ರಿಪೇರಿ ಶೆಡ್. ಅವ್ವ ಇರುವುದೂ ಅವನ ಜೊತೆಗೇ. ತೂತು ಕೊರೆಯುವುದು ಅಲ್ಲೇ ಎಂದು ದಸರಾ ರಜೆಗೆ ಸ್ಕೀ, ಬೂಟು, ಬೈಂಡಿಂಗ್ ಎಲ್ಲವನ್ನೂ ಹೊತ್ತು ದಾವಣಗೆರೆಯಲ್ಲಿ ಬಸ್ಸು ಬದಲಿಸಿದೆ. ನಡುವೆಯೋ, ಹಿಂದೆಯೋ ಎಂಬ ಲೆಕ್ಕಾಚಾರದಲ್ಲಿ ಹೊನ್ನಾಳಿ ದಾಟಿದ್ದೇ ತಿಳಿಯಲಿಲ್ಲ. ನ್ಯಾಮತಿಯಲ್ಲಿ ಕಂಡಕ್ಟರ್ ಬೈದು ಇಳಿಸಿದರು. ಸ್ಕೀಗಳನ್ನು ಹೆಗಲಿಗೇರಿಸಿಕೊಂಡು ವಾಪಸ್ ಬಸ್ಸಿಗೆ ಕಾದೆ.

"ನಾಳೆ ಆಯುಧಪೂಜೆ, ಹತ್ಯಾರ ಮುಟ್ಟಂಗಿಲ್ಲ" ಎಂದ ಅಣ್ಣ. "ನಾಡಿದ್ದು ಬೆಳಿಗ್ಗೆ ಮೊದಲನೇ ಕೆಲ್ಸ ನಿಂದೇ. ಅಷ್ಟರಾಗೆ ಎಲ್ಲಿಗೆ ಹಾಕ್ಬೇಕು ಹೇಳು."

ಸ್ಕೀಗಳ ಮೇಲೆ ಮೂರು ಗೆರೆ ಎಳೆದೆ: ನಟ್ಟನಡುವೆ ಒಂದು, ಎರಡು ಬೆರಳು ಹಿಂದೆ ಒಂದು, ನಾಲ್ಕು ಬೆರಳು ಹಿಂದೆ ಮತ್ತೊಂದು. ಮೂರನ್ನೂ ನೋಡುತ್ತ ಕೂತರೆ ತಲೆ ಕೆಡುತ್ತದೆಂದು ಚನ್ನಗಿರಿಯ ಗೆಳತಿಯ ಮನೆಗೆ ಹಬ್ಬಕ್ಕೆ ಓಡಿಹೋದೆ. ಅಲ್ಲಿ ಹೋಳಿಗೆ ತಿನ್ನುವಾಗಲೂ ತಲೆಯಲ್ಲಿ ಅದೇ. ವಿಜಯದಶಮಿಯ ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ, "ಮಧ್ಯದ ಗೆರೆಗೆ ಹಾಕಿಬಿಡಣ್ಣ" ಎಂದೆ. ಎರಡು ಬೆರಳು ಹಿಂದೆ. ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ.

ಮಧ್ಯಾಹ್ನ ಹೊನ್ನಾಳಿಗೆ ಬಂದು ನೋಡಿದರೆ ಬೈಂಡಿಂಗ್ ಕೂತಾಗಿತ್ತು. ಕೆಲಸ ಅಚ್ಚುಕಟ್ಟು. ಆದರೆ ಜಾಗ ಬೇರೆ. ಟೇಪು ಹಿಡಿದು ಅಳೆದೆ, ಮತ್ತೆ ಅಳೆದೆ. ಬೂಟಿನ ನಡುಭಾಗ ಬರುವುದು ಸರಿಯಾಗಿ ಸ್ಕೀಯ ನಟ್ಟನಡುವಿಗೆ.

"ಮಧ್ಯದ ಗೆರೆ ಅಂದೆನಲ್ಲಣ್ಣ!"

"ಮಧ್ಯದ ಗೆರೆಗೇ ಹಾಕೀನಿ, ನೋಡು."

ನೋಡಿದೆ. ಬೈಂಡಿಂಗಿನ ಬದಿಯಲ್ಲಿ ಮೂರು ಬಿಳಿ ಗೆರೆಗಳ ತುದಿಗಳು ಕಾಣುತ್ತಿದ್ದವು. ಅವು ನನ್ನವಲ್ಲ. ಮೂರು ಬೆರಳಿನಿಂದ ಎಳೆದ ವಿಭೂತಿ. ಪೂಜೆಗೆಂದು ಶೆಡ್ಡಿನ ಸುತ್ತಿಗೆ, ಸ್ಪ್ಯಾನರ್, ಡ್ರಿಲ್ಲು ಎಲ್ಲವನ್ನೂ ತೊಳೆದ ಅವ್ವ ನನ್ನ ಸ್ಕೀಗಳನ್ನೂ ಬಿಡದೆ ತೊಳೆದು, ಸೀಮೆಸುಣ್ಣದ ಗೆರೆ ಅಳಿಸಿ, ಎರಡನ್ನೂ ಜೋಡಿಸಿಟ್ಟು ಒಂದೇ ಎಳೆತಕ್ಕೆ ವಿಭೂತಿ ಹಚ್ಚಿದ್ದಳು.

"ಡ್ರಿಲ್ಲಿಗೆ ಹಚ್ಚಿದ್ದು ಗೊತ್ತಿತ್ತು, ನಿನ್ ಹಲಿಗೆಗೂ ಹಚ್ಯಾಳೆ ಅಂತ ನಂಗೇನ್ ಗೊತ್ತು?" ಎಂದ ಅಣ್ಣ. "ಗೆರೆ ಹತ್ರ ಹತ್ರ ಅವೆ ಅನಿಸ್ತು. ಒಂದ್ ನೂಲು ಆಚೀಚೆ ಆದ್ರೂ ಜಗಳ ತೆಗೆಯೋಳು ನೀನು. ಅದ್ಕೆ ನಿಂದೇ ಇರ್ಬೇಕು ಅನ್ಕಂಡೆ."

ನಾನು ಕೂಗಾಡಿದೆ. ವರ್ಷವೆಲ್ಲ ಯೋಚಿಸಿದ್ದನ್ನು ಒಂದು ಕೈಯಲ್ಲಿ ಅಳಿಸಿಬಿಟ್ಟೆಯಲ್ಲವ್ವ, ಹಚ್ಚುವುದಕ್ಕೆ ಬೇರೆ ಜಾಗವೇ ಸಿಗಲಿಲ್ಲವೇ ಎಂದೆ. ಅವ್ವ ಹೆದರಲಿಲ್ಲ.

"ಹಣೆಗೆ ಹಚ್ಚಾಣ ಅಂದ್ರೆ ಇದಕ್ಕೆ ಎರಡೂ ಕಡೆ ಮೂತಿ ಐತೆ. ಮುಂದು ಯಾವ್ದು, ಹಿಂದು ಯಾವ್ದು, ನಂಗೆ ಹೆಂಗೆ ಗೊತ್ತಾಗ್ಬೇಕು? ನಡೂಕೆ ಹಚ್ದೆ."

ಅವಳ ಮೇಲೆ ವಾರಗಟ್ಟಲೆ ಸಿಟ್ಟಿತ್ತು. ಜಗಳೂರಿಗೆ ವಾಪಸ್ ಬಂದ ಮೇಲೆ ಒರೆಸಲು ಗೆರೆಯಿರಲಿಲ್ಲ, ಫೋನ್ ಮಾಡಿ ಕೇಳಲು ಪ್ರಶ್ನೆಯಿರಲಿಲ್ಲ. ಆಗ ತಿಳಿಯಿತು, ನನಗೆ ಭಯವಿದ್ದದ್ದು ಬೆನ್ನು ಮುಂದಾಗಿ ಇಳಿಯುವುದಕ್ಕೆ. ಎರಡು ಬೆರಳು ಹಿಂದಿದ್ದರೆ, ಬಿದ್ದಾಗ ತಪ್ಪನ್ನು ಗೆರೆಯ ಮೇಲೆ ಹೊರಿಸಬಹುದಿತ್ತು.

ಚಳಿಗಾಲ ಬಂತು, ಪರೀಕ್ಷೆಯೂ ಬಂತು. ಇಳಿಜಾರಿನ ತುದಿಯಲ್ಲಿ ಬೂಟು ಸಿಕ್ಕಿಸಲು ಬಗ್ಗಿದಾಗ ಸ್ಕ್ರೂಗಳ ತಲೆಯ ಸಂದಿಯಲ್ಲಿ ಇನ್ನೂ ಸ್ವಲ್ಪ ವಿಭೂತಿ ಉಳಿದದ್ದು ಕಂಡಿತು. ಹೊರಟೆ. ವೇಗ ಹೆಚ್ಚಿ ಕಾಲು ಅದುರಿದವು. ನೆಗೆದು ತಿರುಗಿದೆ. ಆಮೇಲೆ ಕಣ್ಣಿಗೆ ಬಿದ್ದದ್ದು ನಾನು ನೆಗೆದ ದಿಬ್ಬ. ಅದು ನನ್ನಿಂದ ದೂರ ದೂರ ಹೋಗುತ್ತಿತ್ತು, ಹಿಮ್ಮುಖವಾಗಿ ಜಾರುತ್ತ ನಾನು ನಿಂತೇ ಇದ್ದೆ.

ಕೋಚ್ ಪಟ್ಟಿಯಲ್ಲಿ ನನ್ನನ್ನು ಸೇರಿಸಿದ ಮೇಲೆ ಕೈಗವಸು ಕಿತ್ತು ಹೊನ್ನಾಳಿಗೆ ಫೋನ್ ಮಾಡಿದೆ. ಎತ್ತಿದವಳು ಅವ್ವ.

"ಬಿದ್ಯೇನೇ?"

"ಇಲ್ಲವ್ವ. ಬೀಳ್ಲಿಲ್ಲ."

"ಮತ್ಯಾಕೆ ಅಳ್ತೀಯೇ?"