ಕುಕ್ಕರುಗಾಲಲ್ಲಿ ಒತ್ತಿಹೋದ ನರ

ಬಲಗಾಲು ನೆಲಕ್ಕೆ ಬಡಿಯುವ ಸದ್ದು ಮೊದಲು ಕೇಳಿದ್ದು ನನಗೆ. ಪಟ್, ಪಟ್. ಕೆಲಸ ಮುಗಿಸಿ ಬಂದ ನಮ್ಮ ಮನೆಯವರು ಹೊಸಿಲು ಎಡವಿ ಗೋಡೆ ಹಿಡಿದುಕೊಂಡರು.

“ಏನ್ರೀ, ಕುಡಿದು ಬಂದ್ರಾ?”

“ಥೂ, ಇಲ್ಲ ಕಣೇ. ಪಾದ ಮೇಲಕ್ಕೇ ಏಳ್ತಿಲ್ಲ.”

ಮಂಚದ ಮೇಲೆ ಕೂರಿಸಿದೆ. ಎಡಪಾದ ಎತ್ತಿದರು. ಬಲಪಾದ ಜೋತು ಬಿದ್ದೇ ಇತ್ತು.

ಲಕ್ವ.

ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಲಕ್ವ ಹೊಡೆದು ಮಲಗಿದ ನನ್ನ ಅಪ್ಪ ಮತ್ತೆ ಏಳಲೇ ಇಲ್ಲ. ಇವರದು ಟೈಲ್ಸ್ ಹಾಕುವ ಕೆಲಸ. ರಾಜೀವನಗರದಲ್ಲಿ ಒಂದು ಮನೆಯ ಗೃಹಪ್ರವೇಶ ಹತ್ತಿರವಾಗಿದ್ದರಿಂದ, ವಾರಗಟ್ಟಲೆ ಬೆಳಗಿನಿಂದ ಸಂಜೆಯವರೆಗೆ ಕುಕ್ಕರುಗಾಲಲ್ಲೇ ಕೂತು ನೆಲ ಮುಗಿಸಿದ್ದರು. ಕುಂಬಾರಕೊಪ್ಪಲಿನಿಂದ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವರಿಗೆ ನಗಲು ಹೇಳಿ ಬಾಯಿ ಸೊಟ್ಟಗಾಗಿದೆಯೇ ಎಂದು ನೋಡಿದರು, ಎರಡೂ ಕೈ ಎತ್ತಿಸಿದರು.

“ಹಿಮ್ಮಡಿ ಮೇಲೆ ನಿಂತ್ಕೊಳ್ಳಿ.”

ಆಗಲಿಲ್ಲ.

“ಈಗ ತುದಿಗಾಲಲ್ಲಿ.”

ನಿಂತೇಬಿಟ್ಟರು. ಅದೇ ಕಾಲು!

“ಹಿಂದಿನ ಮೀನಖಂಡ ಚೆನ್ನಾಗಿದೆ, ಅದರ ನರ ಬೇರೆ,” ಎಂದರು ಡಾಕ್ಟರ್. “ಪಾದ ಎತ್ತೋ ಸ್ನಾಯು ಮುಂದಿರೋದು, ಮೊಣಕಾಲಿಂದ ಕೆಳಗೆ, ಮೂಳೆ ಪಕ್ಕ. ಅದರ ನರ ಇಲ್ಲಿ ಸುತ್ಕೊಂಡು ಬರುತ್ತೆ.” ಮೊಣಕಾಲಿನ ಹೊರಬದಿಯ ಗುಬುಟು ಮೂಳೆಯ ಕೆಳಗೆ ಬೆರಳಿಟ್ಟು ತೋರಿಸಿದರು. “ಚರ್ಮದ ಕೆಳಗೇ ಇರೋದು. ಕೂತೂ ಕೂತೂ ಒತ್ತಿಹೋಗಿದೆ.”

“ಲಕ್ವ ಅಲ್ವಾ ಮೇಡಂ?”

“ಅಲ್ಲಮ್ಮ.”

ಅಲ್ಲೇ ಕೂತು ಅತ್ತುಬಿಟ್ಟೆ. “ಸುಮ್ಕಿರೇ, ಜನ ನೋಡ್ತಾವ್ರೆ,” ಎಂದರು ಇವರು. ಅವರ ಕಣ್ಣೂ ಒದ್ದೆಯಾಗಿತ್ತು.

ನರ್ವ್ ಟೆಸ್ಟ್‌ನಲ್ಲಿ ನರ ತುಂಡಾಗಿಲ್ಲ ಎಂದು ತಿಳಿಯಿತು. ಪಾದ ಜೋಲದಂತೆ ಹಿಡಿಯುವ ಸ್ಪ್ಲಿಂಟ್, ದಿನವೂ ಫಿಸಿಯೋಥೆರಪಿ, ಕುಕ್ಕರುಗಾಲಲ್ಲಿ ಕೂರುವಂತಿಲ್ಲ. ತಿಂಗಳುಗಳೇ ಹಿಡಿಯಬಹುದು ಎಂದರು.

ಹಿಡಿಯಿತು. ಬೆಳಗ್ಗೆ ಪಾದ ಹಿಡಿದು ನಾನು “ಎತ್ತಿ” ಎನ್ನುವುದು, ಅವರು ಹಲ್ಲು ಕಚ್ಚುವುದು, ಏನೂ ಆಗದಿರುವುದು. “ಬುಟ್ಬುಡು, ಇದು ಸತ್ತೋಗದೆ,” ಎಂದು ಒಮ್ಮೆ ರೇಗಿದರು. ಅಡುಗೆಮನೆಗೆ ಹೋಗಿ ನೀರು ಕುಡಿದೆ. ಮತ್ತೆ ಬಂದು ಪಾದ ಹಿಡಿದೆ.

ಒಂದು ಬೆಳಗ್ಗೆ ಕಣಕಾಲಿನ ಮುಂದೆ, ಚರ್ಮದಡಿ, ದಾರದಂಥದ್ದೇನೋ ಬಿಗಿಯಿತು. ಪಾದ ಕೂದಲೆಳೆಯಷ್ಟು ಎದ್ದಿತು.

ಇನ್ನೊಮ್ಮೆ ಎತ್ತಿದರು.

ಈಗ ಗೋಡೆ ಟೈಲ್ಸ್ ಮಾತ್ರ ಒಪ್ಪಿಕೊಳ್ಳುತ್ತಾರೆ, ನಿಂತು ಮಾಡುವ ಕೆಲಸ. ಪಾದದ ಮೇಲ್ಭಾಗದಲ್ಲಿ ಇನ್ನೂ ಜೋಮು ಇದೆ. ಅದು ಉಳಿದರೂ ಉಳಿಯಬಹುದಂತೆ. ಉಳಿಯಲಿ, ಅದರೊಂದಿಗೆ ಬದುಕಬಹುದು.

ಮೊನ್ನೆ ಸರಸ್ವತಿಪುರಂನಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆವು. ಸಿಟಿ ಬಸ್ ಬಂತು. ತೋಳು ಹಿಡಿಯೋಣವೆಂದು ನಾನು ಕೈ ಚಾಚುವಷ್ಟರಲ್ಲಿ ಇವರು ಹತ್ತಿ ಒಳಗೆ ಹೋಗಿದ್ದರು.

“ಬಾರೇ ಬೇಗ,” ಎಂದು ಕೂಗಿದರು, “ಸೀಟ್ ಹಿಡ್ದಿವ್ನಿ.”