ಸೈಡ್ ಕಾರನ್ನು ಬಲಕ್ಕೆ ಕಟ್ಟಿಸಿದ್ದು ನಾನೇ

ನಮ್ಮವರ ಹೆಸರು ಪದ್ಮಯ್ಯ. ಸುಳ್ಯದಲ್ಲಿ ಪಂಪ್ ರಿಪೇರಿ ಮಾಡುತ್ತಿದ್ದರು. ತೀರಿಕೊಂಡು ಎಂಟು ತಿಂಗಳಾಯಿತು. ಊರಿನವರು ಅವರನ್ನು ಬುದ್ಧಿವಂತ ಎನ್ನುತ್ತಾರೆ. ಅಷ್ಟು ಬುದ್ಧಿ ಇದ್ದವರು ನನ್ನ ಮಾತು ಯಾಕೆ ಕೇಳಿದರೋ ಗೊತ್ತಿಲ್ಲ.

ಎಳವೆಯಲ್ಲಿ ಮರದಿಂದ ಬಿದ್ದು ಅವರ ಎಡಗಾಲು ಸೋತಿತ್ತು. ಆದರೂ 1961ರಲ್ಲಿ ಒಂದು ಹಳೆಯ ಸಣ್ಣ ಮೋಟಾರ್ ಸೈಕಲ್ ತಂದರು. ಓಡುವಾಗ ತೊಂದರೆಯಿಲ್ಲ. ನಿಲ್ಲಿಸಿದರೆ ಎಡಕ್ಕೆ ಬೀಳುವುದು. ಕೊಯಿಲದ ತ್ಯಾಂಪಣ್ಣ ತಮ್ಮ ತೋಟದ ಪಂಪ್ ಕೆಟ್ಟಾಗಲೆಲ್ಲ ಇವರನ್ನೇ ಕರೆಸುತ್ತಿದ್ದವರು. ಅವರು ಸಂತೆಯಲ್ಲಿ ನನ್ನೆದುರೇ ಹೇಳಿದರು:

"ಪದ್ಮಯ್ಯನ್ನ ಕರೆದ್ರೆ ಮೊದಲು ಅವನನ್ನು ಎಬ್ಬಿಸ್ಬೇಕು, ಮತ್ತೆ ಪಂಪು ನೋಡುದು ಮಾರಾಯ್ರೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಅತ್ತುಬಿಟ್ಟೆ. ಜನ ಆಗಲೇ ಬೇರೆ ಮೆಕ್ಯಾನಿಕನನ್ನು ಹುಡುಕತೊಡಗಿದ್ದರು. ಕೆಲಸ ಹೋದರೆ ಈ ಮನುಷ್ಯ ಮೂಲೆ ಹಿಡಿಯುತ್ತಾರೆ ಎಂದು ನನಗೆ ಗೊತ್ತಿತ್ತು.

ಮೂರನೆಯ ಚಕ್ರ ಇದ್ದರೆ ಬೀಳುವುದಿಲ್ಲ ಎಂದು ಇವರು ಗಾಡಿಯ ಪಕ್ಕಕ್ಕೆ ಸೈಡ್ ಕಾರ್, ಅಂದರೆ ಒಂದು ಚಕ್ರದ ಕೂರುವ ತೊಟ್ಟಿ, ಕಟ್ಟಿಸಲು ಹೊರಟರು. ಆದರೆ ಅದು ಖಾಲಿ ಇದ್ದರೆ ತಿರುವಿನಲ್ಲಿ ಚಕ್ರ ಮೇಲೇಳುತ್ತದಂತೆ. ಭಾರ ಬೇಕು.

"ನಮ್ಮಲ್ಲಿ ಅಂಥಾ ಭಾರದ್ದು ಎಂತ ಉಂಟು?" ಎಂದೆ.

ಅವರು ನನ್ನನ್ನೇ ನೋಡಿದರು.

ಕೂರುತ್ತೇನೆ, ಆದರೆ ಬಲಕ್ಕೆ ಕಟ್ಟಿಸಿ ಎಂದೆ. ಧಾರೆಯ ದಿನ ನನ್ನನ್ನು ಅವರ ಬಲಕ್ಕೆ ಕೂರಿಸಿದ್ದರು. ಒಳ್ಳೆಯ ಕೆಲಸಕ್ಕೆ ಹೆಂಡತಿ ಬಲಕ್ಕೆ ಎಂಬುದೊಂದೇ ನನಗೆ ಗೊತ್ತಿದ್ದ ಶಾಸ್ತ್ರ. ಅದನ್ನು ಅಲ್ಲಿ ಖರ್ಚು ಮಾಡಿದೆ.

ಪುತ್ತೂರಿನಲ್ಲಿ ವೆಲ್ಡಿಂಗ್ ಮಾಡುವ ಪ್ರೇಮನಾಥ ತಲೆಗೆ ಕೈ ಇಟ್ಟ. "ಕಮಲಾವತಿಯಕ್ಕ, ಗಾಡಿ ರಸ್ತೆಯ ಎಡಕ್ಕೆ ಹೋಗುದು. ಬಲಕ್ಕೆ ಕೂತ್ರೆ ಬಸ್ಸಿನ ಮೋರೆಗೆ ನೀವೇ."

"ಬಸ್ಸಿಗೆ ಹೆದರಿ ಶಾಸ್ತ್ರ ಬಿಡುದಾ?"

"ಬಸ್ಸಿಗೆ ಶಾಸ್ತ್ರ ಗೊತ್ತಿಲ್ಲ ಅಕ್ಕ."

ನಮ್ಮವರು, "ಅವಳು ಹೇಳಿದ ಹಾಗೆ ಮಾಡು. ಇಲ್ಲದಿದ್ರೆ ಕೂರುದಿಲ್ಲ," ಎಂದರು.

ಮೊದಲ ಸವಾರಿ ಕಡಬಕ್ಕೆ, ಒಂದು ಮನೆಯ ಪಂಪ್ ನೋಡಲು. ಸಣ್ಣ ಇಂಜಿನ್ ನನ್ನನ್ನು ಏರಿನಲ್ಲಿ ಎಳೆಯಲಿಲ್ಲ. ಪ್ರತಿ ಏರಿಗೂ ಇಳಿದು ಹಿಂದಿನಿಂದ ದೂಡಿದೆ. ಭಾರಕ್ಕೆಂದು ಬಂದವಳು ಎತ್ತಾದೆ. ಪಂಜ ದಾಟಿದ ಮೇಲೆ ತಿರುವಿನಲ್ಲಿ ಬಸ್ಸು ಬಂತು, ಸೀದಾ ನನ್ನ ಮೂಗಿನ ಮೇಲೆ. ನಾನು ಕೂಗಿ ಅವರ ಬಲಗೈಗೆ ಜೋತುಬಿದ್ದೆ. ವೇಗ ಕೊಡುವ ಕೈ ಅದೇ. ಗಾಡಿ ನುಗ್ಗಿತು. ಅವರು ಎಡಕ್ಕೆ ತಿರುಗಿಸಿ ಗದ್ದೆಗೆ ಇಳಿಸಿದರು. ನಾವಿಬ್ಬರೂ ಕೆಸರಿನಲ್ಲಿ.

ಬಸ್ಸು ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಎಂತಮ್ಮ, ನನ್ನ ಸೀಟು ಬೇಕಿತ್ತಾ?" ಎಂದ. ಜನ ಇಳಿದು ಇವರನ್ನು ಎತ್ತಿದರು. ಒಬ್ಬ ಮೆಲ್ಲ, "ಮೂರು ಚಕ್ರ ಇದ್ದೂ ಬಿದ್ದ. ಆ ಕಾಲಿನಲ್ಲಿ ಇವನಿಗೆ ಯಾಕೆ ಇದೆಲ್ಲ?" ಎಂದ.

ಇವರು ತಲೆ ತಗ್ಗಿಸಿ, "ಹೌದು, ಕಾಲು ಜಾರಿತು," ಎಂದರು.

ನನ್ನನ್ನು ಬಿಟ್ಟುಕೊಡಬಾರದೆಂದು ತಮ್ಮ ಹೊಟ್ಟೆಪಾಡನ್ನೇ ಬಿಟ್ಟುಕೊಟ್ಟರು. ನಾನು ಸೀರೆ ತುಂಬ ಕೆಸರು ಮಾಡಿಕೊಂಡು ಎದ್ದು ನಿಂತೆ.

"ಇವರ ಕಾಲಲ್ಲ, ನನ್ನ ಕೈ. ಎಕ್ಸಿಲೇಟರ್ ಹಿಡಿದು ಎಳೆದದ್ದು ನಾನು. ಬಲಕ್ಕೆ ಕಟ್ಟಿಸಿದ್ದೂ ನಾನು. ಪ್ರೇಮನಾಥ ಬೇಡ ಹೇಳಿದ್ದ."

"ಬಲಕ್ಕೆ ಯಾಕಮ್ಮ?" ಎಂದ ಡ್ರೈವರ್.

ಧಾರೆಯ ಕತೆ ಹೇಳಿದೆ. ಇಡೀ ಬಸ್ಸು ನಕ್ಕಿತು. ಮುಂದಿನ ಸೀಟಿನ ಪಾತು ಎಂಬ ಮುದುಕಿ ಕಣ್ಣೊರೆಸಿಕೊಂಡು ನಕ್ಕಳು. ನಗಲಿ. ಇವರ ಕಾಲಿನ ಮಾತು ಅಲ್ಲಿಗೆ ನಿಂತಿತು.

"ಇಷ್ಟು ಜನರೆದುರು ಹೇಳ್ಬೇಕಿತ್ತಾ?" ಎಂದರು ಇವರು.

"ಹೇಳದಿದ್ರೆ ನಾಳೆ ನಿಮ್ಮನ್ನು ಯಾರು ಕರೆಯುದು?"

ಅದೇ ಕೆಸರು ಬಟ್ಟೆಯಲ್ಲಿ ಕಡಬಕ್ಕೆ ಹೋಗಿ ಪಂಪ್ ಸರಿ ಮಾಡಿದರು. ಮರುವಾರ ಪ್ರೇಮನಾಥ ಸೈಡ್ ಕಾರನ್ನು ಎಡಕ್ಕೆ ಬದಲಿಸಿದ. ಏಳು ವರ್ಷ ಓಡಿಸಿದರು. ಕೊನೆಗೆ ಜ್ವರ ಬಂದು ಮಲಗಿದ ವಾರವೂ ನೆಟ್ಟಣದಿಂದ ಕರೆ ಬಂದಿತ್ತು.

ಈಗಲೂ ಸುದ್ದಿ ತಿಳಿಯದವರು ಪಂಪ್ ನಿಂತಿದೆ ಎಂದು ಬರುತ್ತಾರೆ. ಇಲ್ಲ, ತೀರಿಹೋದರು ಎಂದು ಹೇಳಬೇಕು. ಮೊನ್ನೆ ಒಬ್ಬರಿಗೆ ಬಾಯಿ ತಪ್ಪಿ, "ಹೊರಗೆ ಹೋಗಿದ್ದಾರೆ," ಎಂದುಬಿಟ್ಟೆ. ಬಂದವರು ಜಗುಲಿಯಲ್ಲಿ ಕಾದು ಕೂತರು. ನಾನು ಚಹಾ ಮಾಡಲು ಒಳಗೆ ಹೋದೆ.